ತಂಡದಲ್ಲಿ ಎಲ್ಲರೂ ‘ಆಗುತ್ತದೆ’ ಎನ್ನುತ್ತಾರೆ, ತೊಂದರೆ ತಿಳಿಯುವುದು ಮಾತ್ರ ಕೊನೆಯ ದಿನ

ಪ್ರಶ್ನೆ: ಹದಡಿರಸ್ತೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹದಡಿ ರಸ್ತೆಯಲ್ಲಿರುವ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಆಸ್ಪತ್ರೆಗಳ ಬಿಲ್ಲಿಂಗ್ ಮತ್ತು ಔಷಧ ದಾಸ್ತಾನಿನ ಸಾಫ್ಟ್‌ವೇರ್ ಸಿದ್ಧಪಡಿಸಿ ನಿರ್ವಹಿಸುವುದು ನಮ್ಮ ಕೆಲಸ. ಯುಗಾದಿ ಕಳೆದ ಮೇಲೆ ನನಗೆ ಟೀಮ್ ಲೀಡ್ ಹೊಣೆ ವಹಿಸಿದರು. ನನ್ನನ್ನೂ ಸೇರಿಸಿ ತಂಡದಲ್ಲಿ 11 ಜನರಿದ್ದೇವೆ. ಆರು ಜನ ಕಚೇರಿಗೇ ಬರುತ್ತೇವೆ. ಮೂವರು ಬೆಂಗಳೂರಿನಿಂದ, ಒಬ್ಬರು ಹುಬ್ಬಳ್ಳಿಯಿಂದ, ಇನ್ನೊಬ್ಬರು ಚಳ್ಳಕೆರೆಯ ತಮ್ಮ ಮನೆಯಿಂದ ಕೆಲಸ ಮಾಡುತ್ತಾರೆ. ಎಲ್ಲರೂ ಕೆಲಸ ಬಲ್ಲವರೇ. ಆ ವಿಷಯದಲ್ಲಿ ನನಗೆ ದೂರಿಲ್ಲ.

ದಿನವೂ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಒಂದು ಚಿಕ್ಕ ಮೀಟಿಂಗ್ ಇರುತ್ತದೆ. ಯಾರ ಕೆಲಸ ಎಲ್ಲಿಗೆ ಬಂತು ಎಂದು ಒಬ್ಬೊಬ್ಬರನ್ನೇ ಕೇಳುತ್ತೇನೆ. ಎಲ್ಲರೂ ‘ಆಗ್ತತಿ ಸರ್’ ಎನ್ನುತ್ತಾರೆ. ಕಳೆದ ತಿಂಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬರುವ ಬಿಲ್ಲುಗಳಿಗೆ ಸಂಬಂಧಿಸಿದ ಒಂದು ಬದಲಾವಣೆಯನ್ನು ಶುಕ್ರವಾರ ಗಿರಾಕಿಗೆ ಒಪ್ಪಿಸಬೇಕಿತ್ತು. ಗುರುವಾರ ರಾತ್ರಿ ಎಂಟು ಗಂಟೆಗೆ ಒಬ್ಬ ಕಿರಿಯ ಹುಡುಗ ಫೋನ್ ಮಾಡಿ, ಟೆಸ್ಟ್ ಸರ್ವರಿನಲ್ಲಿ ಒಂದು ವರದಿಯ ಮೊತ್ತ ತಾಳೆಯಾಗುತ್ತಿಲ್ಲ ಎಂದ. ಯಾವಾಗಿನಿಂದ ಎಂದು ಕೇಳಿದರೆ ಸೋಮವಾರದಿಂದ. ‘ಮೊದಲೇ ಯಾಕಪ್ಪಾ ಹೇಳಲಿಲ್ಲ’ ಎಂದದ್ದಕ್ಕೆ, ‘ನಾನೇ ಸರಿಮಾಡ್ತೀನಿ ಅಂದ್ಕೊಂಡಿದ್ದೆ ಸರ್’ ಎಂಬ ಉತ್ತರ ಬಂತು. ಇದು ಒಬ್ಬನ ಕಥೆಯಲ್ಲ, ಸ್ವಲ್ಪ ಹೆಚ್ಚುಕಡಿಮೆ ಎಲ್ಲರದೂ ಇದೇ ರೀತಿ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ತಂಡದಲ್ಲಿ ನನಗಿಂತ ಬಹಳ ಹಿರಿಯರೊಬ್ಬರಿದ್ದಾರೆ. ನಮ್ಮ ದಾಸ್ತಾನು ವಿಭಾಗದ ಸಾಫ್ಟ್‌ವೇರನ್ನು ವಿಷುಯಲ್ ಬೇಸಿಕ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಕಾಲದಲ್ಲಿ ಮೊದಲಿನಿಂದ ಕೊನೆಯವರೆಗೆ ಬರೆದವರು ಅವರೇ, ನನಗೆ ಕೆಲಸ ಕಲಿಸಿದವರೂ ಅವರೇ. ವಿದ್ಯಾನಗರದಲ್ಲಿ ನಮ್ಮ ಪಕ್ಕದ ರಸ್ತೆಯಲ್ಲೇ ಅವರ ಮನೆ. ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಅದೇ ವಿಭಾಗವನ್ನು ಈಗ ವೆಬ್‌ಗೆ ಬದಲಿಸುತ್ತಿದ್ದೇವೆ, ಪ್ರತಿ ಸಲ ಅವರ ಭಾಗವೇ ತಡವಾಗುತ್ತಿದೆ. ಹೇಗೆ ಹೇಳುವುದು?

ಜೊತೆಗೆ, ನಮ್ಮ ಸಂಸ್ಥೆಯ ಮಾಲೀಕರು ನನ್ನನ್ನು ಕೇಳದೆ ಹುಡುಗರಿಗೆ ನೇರವಾಗಿ ಫೋನ್ ಮಾಡಿ ಬೇರೆ ಕೆಲಸ ಹಚ್ಚುತ್ತಾರೆ. ದೂರದಿಂದ ಕೆಲಸ ಮಾಡುವವರದು ಇನ್ನೊಂದು ಅಸಮಾಧಾನ: ಇಲ್ಲಿ ಟೀ ಅಂಗಡಿಯ ಮುಂದೆ ನಿಂತು ನಾವು ಏನೋ ತೀರ್ಮಾನಿಸಿರುತ್ತೇವೆ, ಅವರಿಗೆ ಅದು ಎರಡು ದಿನ ಬಿಟ್ಟು ಗೊತ್ತಾಗುತ್ತದೆ. ನಾಯಕತ್ವದ ಬಗ್ಗೆ ವಿಡಿಯೋಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಅಣ್ಣನೂ ಇಲ್ಲ, ಟೀ ಅಂಗಡಿಯೂ ಇಲ್ಲ. ಇಲ್ಲಿಯ ಕೆಲಸದ ಜಾಗಗಳನ್ನು ಕಂಡವರು ಸಲಹೆ ಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಶನಿವಾರದ_ರೈಲು

ನಾನೂ ದಾವಣಗೆರೆಯವನೇ. ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ತಂಡವನ್ನು ನೋಡಿಕೊಳ್ಳುತ್ತೇನೆ, ವಾರದ ಕೊನೆಗೆ ಊರಿಗೆ ಬರುತ್ತೇನೆ. ನೀವು ನಾಲ್ಕು ತೊಂದರೆಗಳನ್ನು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಮೊದಲನೆಯದೇ ಮೂಲ. ಕೆಟ್ಟ ಸುದ್ದಿ ನಿಮ್ಮ ಬಳಿಗೆ ಬೇಗ ಬರುವಂತಾದರೆ ಉಳಿದದ್ದನ್ನು ನಿಭಾಯಿಸಲು ನಿಮಗೆ ಸಮಯವಾದರೂ ಸಿಗುತ್ತದೆ.

ಗೂಗಲ್ ಸಂಸ್ಥೆ 2012ರಲ್ಲಿ ತನ್ನೊಳಗಿನ ಸುಮಾರು 180 ತಂಡಗಳನ್ನು ಅಧ್ಯಯನಕ್ಕೆ ತೆಗೆದುಕೊಂಡು, ಕೆಲವು ತಂಡಗಳು ಮಾತ್ರ ಏಕೆ ಚೆನ್ನಾಗಿ ನಡೆಯುತ್ತವೆ ಎಂದು ಹುಡುಕಿತು. ಜಾಣರನ್ನೆಲ್ಲ ಒಂದೆಡೆ ಕೂಡಿಸಿದರೆ ಸಾಕು ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ತಂಡದಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದು ಹೆಚ್ಚು ಮುಖ್ಯವಾಗಿತ್ತು. ಅದರಲ್ಲೂ ‘ಇದು ನನಗೆ ಗೊತ್ತಿಲ್ಲ’, ‘ಇಲ್ಲಿ ನನ್ನಿಂದ ತಪ್ಪಾಯಿತು’ ಎಂದು ಹೇಳಿದರೆ ಯಾರೂ ಹೀಯಾಳಿಸುವುದಿಲ್ಲ ಎಂಬ ಧೈರ್ಯ ಎಲ್ಲಕ್ಕಿಂತ ಮೊದಲು ನಿಂತಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರು 1999ರಲ್ಲಿಯೇ ಈ ವಿಚಾರವನ್ನು ವಿವರವಾಗಿ ಮಂಡಿಸಿದ್ದರು. ಇದನ್ನು ಮೆತ್ತಗಿನ ಆಡಳಿತ ಎಂದು ಯಾರೂ ತಿಳಿಯಬಾರದು. ಕೆಲಸದ ಗುಣಮಟ್ಟದಲ್ಲಿ ಅಲ್ಲಿ ಯಾವ ರಿಯಾಯಿತಿಯೂ ಇಲ್ಲ.

ನಾಳೆಯಿಂದಲೇ ಮಾಡಬಹುದಾದದ್ದೆಂದರೆ ಪ್ರಶ್ನೆಯನ್ನು ಬದಲಿಸುವುದು. ‘ಶುಕ್ರವಾರಕ್ಕೆ ಆಗುತ್ತದೆಯೇ?’ ಎಂದು ಹತ್ತು ಜನರೆದುರು ಕೇಳಿದರೆ ಆಗುವುದಿಲ್ಲ ಎನ್ನುವ ಗಂಡೆದೆ ನಮ್ಮ ಕಡೆಯ ಹುಡುಗರಿಗೆ ಎಲ್ಲಿಂದ ಬರಬೇಕು? ಹಾಗೆ ಹೇಳುವುದು ಹಿರಿಯರಿಗೆ ಎದುರಾಡಿದಂತೆ ಎಂದೇ ನಾವು ಬೆಳೆದಿದ್ದೇವೆ. ಅದರ ಬದಲು ‘ಈ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು? ಎರಡು ಜಾಗ ಹೇಳಿ’ ಎಂದು ಕೇಳಿರಿ. ಆಗ ತೊಂದರೆ ಹೇಳುವುದೇ ಸರಿಯಾದ ಉತ್ತರವಾಗುತ್ತದೆ, ತೊಂದರೆ ಇಲ್ಲ ಎನ್ನುವವನು ಯೋಚಿಸಿಲ್ಲ ಎಂದಾಗುತ್ತದೆ. ಮೀಟಿಂಗಿಗೆ ಮುಂಚೆ ಪ್ರತಿಯೊಬ್ಬರೂ ಇದನ್ನು ಎರಡು ಸಾಲಿನಲ್ಲಿ ಬರೆದು ಹಾಕಲಿ. ನಿಮ್ಮ ಅಭಿಪ್ರಾಯವನ್ನು ನೀವು ಎಲ್ಲರಿಗಿಂತ ಕೊನೆಗೆ ಹೇಳಿರಿ. ಲೀಡ್ ಮೊದಲು ಬಾಯಿಬಿಟ್ಟರೆ ಉಳಿದವರ ಮಾತು ಅದರ ಹಿಂದೆಯೇ ಸಾಗುತ್ತದೆ.

ಟೀ ಅಂಗಡಿಯ ಮಾತನ್ನು ನಿಲ್ಲಿಸಬೇಡಿ, ಒಳ್ಳೆಯ ಯೋಚನೆಗಳು ಹುಟ್ಟುವುದೇ ಅಲ್ಲಿ. ಆದರೆ ಅಲ್ಲಿ ಆಡಿದ ಮಾತು ತಂಡದ ಪುಟದಲ್ಲಿ ಬರಹವಾಗಿ ಬಂದು, ದೂರದವರು ಓದಿ ಆಕ್ಷೇಪಿಸಲು ಅರ್ಧ ದಿನವಾದರೂ ಕಳೆಯುವವರೆಗೆ ಅದು ತೀರ್ಮಾನವಲ್ಲ ಎಂದು ಗೊತ್ತುಮಾಡಿರಿ. ಏನು ತೀರ್ಮಾನ, ಏಕೆ, ಯಾರ ಹೊಣೆ, ಯಾವ ದಿನ ಎಂಬಷ್ಟೇ ಇದ್ದರೆ ಸಾಕು. ಮೀಟಿಂಗಿನಲ್ಲಿ ಒಬ್ಬರೇ ಒಬ್ಬರು ಪರದೆಯ ಮೇಲಿದ್ದರೂ ಕಚೇರಿಯಲ್ಲಿರುವ ಆರು ಜನರೂ ತಮ್ಮ ತಮ್ಮ ಜಾಗದಿಂದಲೇ ಹೆಡ್‌ಫೋನ್ ಹಾಕಿಕೊಂಡು ಸೇರುವುದು ಒಳ್ಳೆಯದು. ಆರು ಜನ ಒಂದೇ ಮೇಜಿನ ಸುತ್ತ ಕೂತು ನಗುತ್ತಿದ್ದರೆ, ಹುಬ್ಬಳ್ಳಿಯಲ್ಲಿ ಕೂತವರಿಗೆ ಆ ನಗು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ.

ಉತ್ತರ: ವಾರ್ಡ್_ಸಿಸ್ಟರ್

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್. ಕಂಪ್ಯೂಟರ್ ಕೆಲಸ ನನಗೆ ತಿಳಿಯದು, ಆದರೆ ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ತಿಳಿಯಿತು. ಮೇಲಿನವರು ಹೆಸರಿಸಿದ ಎಡ್ಮಂಡ್ಸನ್ ಅವರ ವಿಚಾರದ ಬೇರು ಇರುವುದೇ ಆಸ್ಪತ್ರೆಗಳಲ್ಲಿ. ಚೆನ್ನಾಗಿ ನಡೆಯುವ ವಾರ್ಡ್‌ಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರಬಹುದು ಎಂದು ಭಾವಿಸಿ ಅವರು ಲೆಕ್ಕ ನೋಡಿದರೆ, ಅಂಥ ವಾರ್ಡ್‌ಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿಯ ಸಿಸ್ಟರುಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಆಮೇಲೆ ತಿಳಿದುಬಂತು. 1996ರಲ್ಲಿ ಪ್ರಕಟವಾದ ಅಧ್ಯಯನ ಅದು. ನಿಮ್ಮ ತಂಡದಲ್ಲಿ ಮುಂದಿನ ತಿಂಗಳು ದಿಢೀರನೆ ತೊಂದರೆಗಳ ಪಟ್ಟಿ ಉದ್ದವಾದರೆ ಗಾಬರಿಯಾಗಬೇಡಿ. ಮಾಲೀಕರಿಗೂ ಮೊದಲೇ ಇದನ್ನು ಹೇಳಿಡಿ.

ನಮ್ಮಲ್ಲಿ ನಡೆಯುವ ಒಂದು ಸಂಗತಿಯನ್ನು ಹೇಳುತ್ತೇನೆ. ಪೊಟ್ಯಾಸಿಯಮ್ ಕ್ಲೋರೈಡ್ ಎಂಬ ಔಷಧವನ್ನು ಸಲೈನ್‌ನಂಥ ದ್ರವದಲ್ಲಿ ಬೆರೆಸಿ ತೆಳುವಾಗಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಅದರ ಆಂಪೂಲ್ (ಔಷಧ ತುಂಬಿದ ಪುಟ್ಟ ಸೀಸೆ) ನೋಡಲು ಬೇರೆ ಸಾಮಾನ್ಯ ಆಂಪೂಲ್‌ಗಳಂತೆಯೇ ಇರುತ್ತದೆ. ಹೊಸದಾಗಿ ಸೇರಿದ ಒಬ್ಬ ಹುಡುಗಿ ರಾತ್ರಿ ಪಾಳಿಯಲ್ಲಿ ಟ್ರೇ ಜೋಡಿಸುವಾಗ, ಡಿಸ್ಟಿಲ್ಡ್ ವಾಟರಿನ ಆಂಪೂಲ್‌ಗಳ ಸಾಲಿನಲ್ಲಿ ಇದೂ ಒಂದು ಸೇರಿಕೊಂಡಿರುವುದನ್ನು ಕಂಡಳು. ಯಾರಿಗೂ ಏನೂ ಆಗಿರಲಿಲ್ಲ. ಸುಮ್ಮನೆ ತೆಗೆದು ಬೇರೆ ಕಡೆ ಇಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೇಳಿದರೆ ಹಿಂದಿನ ಪಾಳಿಯ ಹಿರಿಯ ಸಿಸ್ಟರಿಗೆ ಮುಜುಗರ. ಆದರೂ ಆಕೆ ಬೆಳಿಗ್ಗೆ ಪಾಳಿ ಬದಲಾಗುವಾಗ ಎಲ್ಲರೆದುರು ಟ್ರೇ ಹಿಡಿದು ತೋರಿಸಿದಳು. ನಾವು ಯಾರು ಇಟ್ಟರು ಎಂದು ಕೇಳಲಿಲ್ಲ. ಆ ಔಷಧವನ್ನು ಟ್ರೇಯಿಂದಲೇ ತೆಗೆದು, ಕೆಂಪು ಚೀಟಿ ಅಂಟಿಸಿದ ಬೇರೆ ಡಬ್ಬಿಯಲ್ಲಿ ಬೀಗ ಹಾಕಿ ಇಡುವ ಪದ್ಧತಿಯನ್ನು ಗಟ್ಟಿಮಾಡಿದೆವು. ಆ ಹುಡುಗಿ ಆಮೇಲೆಯೂ ಮಾತನಾಡುತ್ತಲೇ ಇದ್ದಾಳೆ, ಅವಳನ್ನು ನೋಡಿ ಬೇರೆಯವರೂ.

ನಿಮಗೆ ರಾತ್ರಿ ಎಂಟಕ್ಕೆ ಫೋನ್ ಬಂದಾಗ ನಿಮ್ಮ ಮೊದಲ ಮಾತು ‘ಮೊದಲೇ ಯಾಕಪ್ಪಾ ಹೇಳಲಿಲ್ಲ’ ಎಂದಾಗಿತ್ತು. ಸಹಜವೇ. ಆದರೆ ಆ ಹುಡುಗ ಅದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾನೆ. ‘ಒಳ್ಳೆಯದಾಯಿತು ಹೇಳಿದ್ದು, ಈಗ ಯಾವ ಬಿಲ್ ತಾಳೆಯಾಗುತ್ತಿಲ್ಲ ತೋರಿಸು’ ಎಂದು ಆರಂಭಿಸಿ, ಮೊದಲೇ ಹೇಳುವ ಮಾತನ್ನು ಕೆಲಸ ಮುಗಿದ ಮೇಲೆ, ಇಬ್ಬರೇ ಇದ್ದಾಗ ಆಡಬಹುದು.

ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯವರು 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ಸುರಕ್ಷತಾ ಪಟ್ಟಿ ತಂದರು. ಅದರ ಪ್ರಕಾರ ಚರ್ಮ ಕೊಯ್ಯುವುದಕ್ಕೆ ಮುಂಚೆ ಥಿಯೇಟರಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಬಾಯಿಬಿಟ್ಟು ಹೇಳಬೇಕು. ದಿನಾ ನೋಡುವ ಮುಖಗಳಿಗೆ ಇದೆಂಥ ಪರಿಚಯ ಎಂದು ಹಿರಿಯ ವೈದ್ಯರು ನಗುವುದುಂಟು. ಆದರೆ ಆರಂಭದಲ್ಲಿ ಒಮ್ಮೆ ಮಾತನಾಡಿದ ಕಿರಿಯರು ನಡುವೆ ಏನಾದರೂ ತಪ್ಪು ಕಂಡರೆ ಮತ್ತೆ ಮಾತನಾಡಲು ಹಿಂಜರಿಯುವುದಿಲ್ಲ. ದೆಹಲಿಯ ಒಂದು ಆಸ್ಪತ್ರೆಯೂ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ನಿಮ್ಮ ಬೆಳಗಿನ ಮೀಟಿಂಗಿನಲ್ಲಿ ಮೊದಲ ಮಾತು ಅತ್ಯಂತ ಕಿರಿಯರದ್ದಾಗಲಿ.

ಉತ್ತರ: ಗಿರಣಿ_ಪಾಳಿ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯಲ್ಲಿ ಬಟ್ಟೆ ಗಿರಣಿಯೊಂದರ ನೂಲುವ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದೆ. ಗಿರಣಿಗಳು ಹೋದವು, ಅಲ್ಲಿ ಕಲಿತದ್ದು ಹೋಗಿಲ್ಲ. ಮೇಲಿನ ಇಬ್ಬರ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ.

ನೂಲುವ ಚೌಕಟ್ಟಿನ ಮೇಲೆ ಎಳೆ ಹರಿಯುವುದು ಮಾಮೂಲಿ. ಕೆಲಸಗಾರ ಬಂದು ಜೋಡಿಸುತ್ತಾನೆ. ಒಂದು ಪಾಳಿಯಲ್ಲಿ ಹರಿಯುವುದು ವಿಪರೀತವಾದರೆ ಹಳೆಯ ಜಾಬರುಗಳು, ಅಂದರೆ ಕೆಲಸಗಾರರ ಮೇಸ್ತ್ರಿಗಳು, ಅಲ್ಲಿ ನಿಂತವನನ್ನು ಬೈಯುತ್ತಿದ್ದರು. ಬೈದು ಏನು ಬಂತು? ಕಾರಣ ಇರುತ್ತಿದ್ದುದು ಹಿಂದಿನ ಕಾರ್ಡಿಂಗಿನಲ್ಲಿ (ಹತ್ತಿಯನ್ನು ಬಾಚಿ ಹದಮಾಡುವ ಹಂತ), ಇಲ್ಲವೇ ಗಾಳಿಯ ತೇವದಲ್ಲಿ. ಹತ್ತಿ ನೂಲುವ ಕಡೆ ಗಾಳಿಯಲ್ಲಿ ತೇವಾಂಶ ಶೇ. 55ರ ಆಸುಪಾಸಿನಲ್ಲಾದರೂ ಇರಬೇಕು. ನಮ್ಮೂರಿನ ಏಪ್ರಿಲ್ ತಿಂಗಳಿನ ಒಣ ಗಾಳಿಯಲ್ಲಿ ತೇವದ ಯಂತ್ರ ಒಂದು ತಾಸು ನಿಂತರೂ ಎಳೆಗಳು ಪಟಪಟನೆ ಹರಿಯುತ್ತಿದ್ದವು. ಬೈಸಿಕೊಂಡವನಿಗೆ ಅದು ಗೊತ್ತಿರುತ್ತಿತ್ತು, ಆದರೆ ಹೇಳುತ್ತಿರಲಿಲ್ಲ, ಏಕೆಂದರೆ ಅವನನ್ನು ಕೆಲಸಕ್ಕೆ ಸೇರಿಸಿದವನೂ ಜಾಬರ್, ತೆಗೆಯಬಲ್ಲವನೂ ಜಾಬರ್. 1931ರಲ್ಲಿ ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ಬ್ರಿಟಿಷ್ ಸರ್ಕಾರದ ರಾಯಲ್ ಕಮಿಷನ್ ಕೂಡ ತನ್ನ ವರದಿಯಲ್ಲಿ, ನೇಮಿಸುವ ಮತ್ತು ವಜಾ ಮಾಡುವ ಅಧಿಕಾರವನ್ನು ಜಾಬರುಗಳ ಕೈಯಿಂದ ತೆಗೆಯಬೇಕು ಎಂದು ಹೇಳಿತ್ತು. ಅಂದರೆ ತಂಡದವರು ಮಾತನಾಡದಿರುವುದಕ್ಕೆ ಅವರ ಸ್ವಭಾವ ಮಾತ್ರ ಕಾರಣವಲ್ಲ. ಇಂಕ್ರಿಮೆಂಟು, ರಜೆ, ಮುಂದಿನ ಕೆಲಸ ಇವೆಲ್ಲ ಒಬ್ಬನದೇ ಮರ್ಜಿಯಲ್ಲಿದ್ದರೆ, ಆ ಒಬ್ಬ ಎಷ್ಟೇ ನಗುಮುಖದಿಂದ ಕೇಳಿದರೂ ನಿಜ ಹೊರಬರುವುದಿಲ್ಲ. ನಿಮ್ಮಲ್ಲಿ ಇಂಕ್ರಿಮೆಂಟನ್ನು ಯಾವುದರ ಮೇಲೆ ತೀರ್ಮಾನಿಸುತ್ತೀರಿ ಎಂಬುದನ್ನು ಮೊದಲೇ ಬರೆದು ತಿಳಿಸಿರಿ.

ನನ್ನ ಅರ್ಧ ಅಸಮ್ಮತಿ ಇಲ್ಲಿದೆ. ಹೇಳಲು ಧೈರ್ಯ ಕೊಟ್ಟರೆ ಸಾಲದು, ಹೇಳಿದ ಕೂಡಲೇ ಯಾರಾದರೂ ಬರಬೇಕು. ಟೊಯೋಟಾ ಕಾರ್ಖಾನೆಯಲ್ಲಿ ಕೆಲಸಗಾರನ ತಲೆಯ ಮೇಲೆ ಒಂದು ಹಗ್ಗ ಇರುತ್ತಿದ್ದ ವಿಷಯ ಅನೇಕರಿಗೆ ಗೊತ್ತು. ತೊಂದರೆ ಕಂಡವನು ಅದನ್ನು ಎಳೆಯಬಹುದು. ಎಳೆದ ತಕ್ಷಣ ಕಾರು ಜೋಡಿಸುವ ಇಡೀ ಸಾಲು ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಮೊದಲು ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಕಾರು ಆ ಹಂತದ ಗುರುತು ದಾಟುವುದರೊಳಗೆ ಇಬ್ಬರೂ ಸೇರಿ ಸರಿಮಾಡಿದರೆ ಸಾಲು ನಿಲ್ಲುವುದೇ ಇಲ್ಲ. ಎಳೆದರೂ ಯಾರೂ ಬರದಿದ್ದರೆ ನಾಲ್ಕನೆಯ ದಿನಕ್ಕೆ ಆ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ದಿನದಲ್ಲಿ ಹಾಗೆ ಓಡಿಬರಲು ಬಿಡುವು ಇದೆಯೇ, ಅಥವಾ ಲೀಡ್ ಆದ ಮೇಲೂ ನಿಮ್ಮ ಹಳೆಯ ಪಾಲಿನ ಕೋಡನ್ನು ನೀವೇ ಪೂರ್ತಿ ಬರೆಯುತ್ತಿದ್ದೀರಾ? ಎರಡನೆಯದಾದರೆ ಮೊದಲು ಅದನ್ನು ಅರ್ಧಕ್ಕೆ ಇಳಿಸಿ.

ಆ ಹಿರಿಯರ ವಿಷಯದಲ್ಲಿ ಮೀಟಿಂಗಿನ ನಂತರ ಕ್ಯಾಬಿನ್ನಿಗೆ ಕರೆಸುವುದು ಬೇಡ. ಮನೆಗೆ ಹೋಗಿ ಹೇಳುವುದೂ ಬೇಡ, ಅಲ್ಲಿ ಅವರು ಅಣ್ಣ, ನೀವು ತಮ್ಮ. ಅಲ್ಲಿ ಈ ಮಾತು ತಪ್ಪಾಗಿ ಕೇಳಿಸುತ್ತದೆ. ಕಚೇರಿಯಲ್ಲೇ ಅವರ ಮೇಜಿನ ಬಳಿ ಹೋಗಿ ಕೂತು, ‘ಅಣ್ಣ, ಈ ವೆಬ್ ಕೆಲಸದಲ್ಲಿ ನಿಮಗೆ ಯಾವುದು ಕಿರಿಕಿರಿ ಮಾಡುತ್ತಿದೆ, ನನಗೆ ತೋರಿಸಿ’ ಎಂದು ಕೇಳಿ. ಅವರಿಗೆ ಸೋಮಾರಿತನ ಬಂದಿರಲಾರದು. ತಮಗೆ ಬಾರದ ಹೊಸ ವಿದ್ಯೆಯನ್ನು ತಮ್ಮ ಮಗನ ವಯಸ್ಸಿನವರನ್ನು ಕೇಳಲಾರದೆ ಒಬ್ಬರೇ ಒದ್ದಾಡುತ್ತಿರಬೇಕು.

ಉತ್ತರ: ತೋಳಹುಣಸೆ_ಮೇಷ್ಟ್ರು

ಎಂ.ಬಿ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡುವವನು ನಾನು. ಗಿರಣಿಯ ಹಿರಿಯರ ಕೊನೆಯ ಮಾತು ಸರಿಯಾಗಿಯೇ ಇದೆ; ಅದಕ್ಕೆ ಎರಡು ಸಂಗತಿ ಸೇರಿಸುತ್ತೇನೆ. ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಎಂಬಿಬ್ಬರು 1969ರಲ್ಲಿ ಮುಂದಿಟ್ಟ ವಿಚಾರದಂತೆ, ಒಬ್ಬ ವ್ಯಕ್ತಿಯನ್ನು ಮುನ್ನಡೆಸುವ ರೀತಿ ಆ ನಿರ್ದಿಷ್ಟ ಕೆಲಸದಲ್ಲಿ ಅವನಿಗಿರುವ ಪಳಗಿಕೆಯನ್ನು ಅವಲಂಬಿಸಿರಬೇಕು, ಅವನ ಒಟ್ಟು ಹಿರಿತನವನ್ನಲ್ಲ. ಔಷಧ ದಾಸ್ತಾನಿನ ಲೆಕ್ಕ ಹೇಗೆ ನಡೆಯುತ್ತದೆ, ಅವಧಿ ಮುಗಿದ ಸರಕು ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎಂಬುದರಲ್ಲಿ ನಿಮ್ಮ ಅಣ್ಣನಿಗೆ ಏನನ್ನೂ ಹೇಳುವ ಅಗತ್ಯವಿಲ್ಲ, ಪೂರ್ತಿ ಅವರಿಗೇ ಬಿಡಬೇಕು. ವೆಬ್ ಭಾಗದಲ್ಲಿ ಅದೇ ಅಣ್ಣನಿಗೆ ದಿನದಿನದ ನೆರವು ಬೇಕು. ಹೊಸದನ್ನು ಬಲ್ಲ ಒಬ್ಬ ಕಿರಿಯನನ್ನು ಅವರ ಜೊತೆ ಒಂದೇ ಕೆಲಸಕ್ಕೆ ಜೋಡಿಸಿದರೆ ಒಬ್ಬರು ನಿಯಮ ಕಲಿಸುತ್ತಾರೆ, ಇನ್ನೊಬ್ಬರು ಉಪಕರಣ ಕಲಿಸುತ್ತಾರೆ. ಯಾರು ಯಾರಿಗೆ ಗುರು ಎಂಬ ಪ್ರಶ್ನೆ ಏಳುವುದಿಲ್ಲ.

ಎರಡನೆಯದು ಹೇಳುವ ಬಗೆಗೆ ಸಂಬಂಧಿಸಿದ್ದು. ಕೆಲಸದ ಬಗ್ಗೆ ಅಭಿಪ್ರಾಯ ತಿಳಿಸುವುದರಿಂದ ಏನಾಗುತ್ತದೆ ಎಂಬ ಕುರಿತ ನೂರಾರು ಫಲಿತಾಂಶಗಳನ್ನು ಕ್ಲೂಗರ್ ಮತ್ತು ಡಿನೀಸಿ ಎಂಬ ಸಂಶೋಧಕರು 1996ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಲಾಭವೇ ಇತ್ತು, ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅಭಿಪ್ರಾಯ ಹೇಳಿದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಮರ್ಯಾದೆಯತ್ತ ತಿರುಗಿದಷ್ಟೂ ಫಲ ಕುಗ್ಗುತ್ತದೆ ಎಂಬುದು ಅವರ ವಿವರಣೆ. ‘ನಿಮ್ಮದು ಯಾವಾಗಲೂ ತಡ’ ಎಂಬ ಮಾತಿಗೂ ‘ಬುಧವಾರ ಬರಬೇಕಿದ್ದ ಪುಟ ಶುಕ್ರವಾರ ಬಂದದ್ದರಿಂದ ಪರೀಕ್ಷೆಗೆ ಒಂದೇ ದಿನ ಉಳಿಯಿತು’ ಎಂಬ ಮಾತಿಗೂ ಇರುವ ಅಂತರ ಅದೇ. ಹೊಗಳಿಕೆಗೂ ಇದು ಅನ್ವಯಿಸುತ್ತದೆ, ಸುಮ್ಮನೆ ‘ಸೂಪರ್’ ಎಂದರೆ ಯಾರೂ ಏನನ್ನೂ ಕಲಿಯುವುದಿಲ್ಲ.

ನೀವು ಕೇಳದ ಒಂದು ಮಾತು. 11 ಜನರಲ್ಲಿ ಇಬ್ಬಿಬ್ಬರ ನಡುವಿನ ಸಂಪರ್ಕಗಳನ್ನು ಎಣಿಸಿದರೆ 55 ಆಗುತ್ತವೆ. ಬಿಲ್ಲಿಂಗಿಗೆ ಐವರು, ದಾಸ್ತಾನಿಗೆ ಆರು ಎಂದು ವಿಂಗಡಿಸಿದರೆ 10 ಮತ್ತು 15. ಐ.ಬಿ.ಎಂ.ನಲ್ಲಿ ಬಹು ದೊಡ್ಡ ಸಾಫ್ಟ್‌ವೇರ್ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಯೋಜನೆಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು 1975ರಲ್ಲಿ ಬರೆದದ್ದಕ್ಕೆ ಈ ಎಣಿಕೆಯೂ ಒಂದು ಕಾರಣ. ಮಾಲೀಕರು ಇನ್ನಿಬ್ಬರನ್ನು ಕೊಡುತ್ತೇನೆಂದರೆ ತಕ್ಷಣ ಹೂಂ ಎನ್ನಬೇಡಿ.

ಇನ್ನು, ಎಲ್ಲ ಕೆಟ್ಟ ಸುದ್ದಿಯೂ ಲೀಡ್ ಮೂಲಕವೇ ಬರಬೇಕು ಎಂದುಕೊಳ್ಳಬಾರದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಮನೆಯಿಂದ ಕೆಲಸ ಮಾಡುವವರೂ ಅದರ ರಕ್ಷಣೆಯಿಂದ ಹೊರಗಿಲ್ಲ. ಸಣ್ಣ ಸಂಸ್ಥೆಗಳಲ್ಲಿ ‘ನಮ್ಮದು ಒಂದು ಕುಟುಂಬ ಇದ್ದ ಹಾಗೆ’ ಎಂದು ಹೇಳಿ ಇದನ್ನು ಬದಿಗಿಡುವುದನ್ನು ಕಂಡಿದ್ದೇನೆ. ನಿಮ್ಮಲ್ಲಿ ಇದೆಯೇ ಎಂದು ವಿಚಾರಿಸಿ.

ಉತ್ತರ: ಕೋಟೆ_ಬಾಗಿಲು

ನಾನು ಮುನ್ನಡೆಸುವವಳಲ್ಲ, ಮುನ್ನಡೆಸಲ್ಪಡುವವಳು. ಚಿತ್ರದುರ್ಗದ ನಮ್ಮ ಮನೆಯಿಂದ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ನಿಮ್ಮ ಚಳ್ಳಕೆರೆಯವರ ಪರವಾಗಿ ನಾಲ್ಕು ಮಾತು.

ಇಡೀ ದಿನ ಕ್ಯಾಮೆರಾ ಹಾಕಿರಿ ಎನ್ನಬೇಡಿ. ನಡುಮನೆಯಲ್ಲಿ ಅತ್ತೆ ಮಾವ ಓಡಾಡುತ್ತಿರುತ್ತಾರೆ, ಕರೆಂಟು ಹೋದರೆ ಮೊಬೈಲ್ ಇಂಟರ್‌ನೆಟ್ಟೇ ಗತಿ. ಆನ್‌ಲೈನ್‌ನಲ್ಲಿದ್ದೇವೆ ಎಂದು ತೋರಿಸುವ ಹಸಿರು ಚುಕ್ಕೆ ನೋಡಿ ಹಾಜರಿ ಲೆಕ್ಕ ಹಾಕುವ ಲೀಡ್ ಸಿಕ್ಕರೆ ನಾವು ಕೆಲಸ ಮಾಡುವುದನ್ನು ಬಿಟ್ಟು ಚುಕ್ಕೆ ಕಾಯುತ್ತೇವೆ. ವಾರಕ್ಕೊಮ್ಮೆ ಅರ್ಧ ಗಂಟೆ, ನೀವಿಬ್ಬರೇ ಮಾತನಾಡುವ ಸಮಯವನ್ನು ಗೊತ್ತುಮಾಡಿ, ಎಷ್ಟೇ ಕೆಲಸವಿದ್ದರೂ ಅದನ್ನು ರದ್ದು ಮಾಡಬೇಡಿ. ನನ್ನ ಈಗಿನ ಲೀಡ್ ಆ ಸಮಯದಲ್ಲಿ ಕೆಲಸ ಎಷ್ಟಾಯಿತು ಎಂದು ಕೇಳುವುದೇ ಇಲ್ಲ. ‘ಈ ವಾರ ಯಾವುದು ನಿಮ್ಮ ದಾರಿಗೆ ಅಡ್ಡ ಬಂತು, ಅದರಲ್ಲಿ ನಾನು ತೆಗೆಯಬಹುದಾದದ್ದು ಯಾವುದು’ ಎಂದು ಕೇಳುತ್ತಾರೆ. ಹತ್ತು ಜನರೆದುರು ಹೇಳಲಾಗದ್ದೆಲ್ಲ ಅಲ್ಲಿ ಬರುತ್ತದೆ. ರಾತ್ರಿ ಹತ್ತಕ್ಕೆ ವಾಟ್ಸ್ಯಾಪ್ ಗುಂಪಿನಲ್ಲಿ ಸಂದೇಶ ಹಾಕಿ ‘ನಾಳೆ ನೋಡಿದರೂ ಸಾಕು’ ಎಂದು ಸೇರಿಸಿದರೂ ನಾವು ಅಂದೇ ನೋಡುತ್ತೇವೆ. ಬೆಳಿಗ್ಗೆ ಹೋಗುವಂತೆ ಇಟ್ಟುಬಿಡಿ; ನಿಜಕ್ಕೂ ತುರ್ತಾಗಿದ್ದರೆ ಫೋನ್ ಮಾಡಿ, ಎತ್ತುತ್ತೇವೆ.

ಉತ್ತರ: ಹದಡಿರಸ್ತೆ (ಪ್ರಶ್ನೆ ಕೇಳಿದವರು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ‘ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು’ ಎಂಬ ಪ್ರಶ್ನೆಯನ್ನು ಈ ವಾರ ಕೇಳಲು ಆರಂಭಿಸಿದೆ. ಮೊದಲ ದಿನ ಯಾರೂ ಏನೂ ಬರೆಯಲಿಲ್ಲ. ಮರುದಿನ ಚಳ್ಳಕೆರೆಯ ಹುಡುಗಿ, ಹಳೆಯ ಡೇಟಾದಲ್ಲಿ ಒಂದೇ ಔಷಧ ಎರಡು ಹೆಸರಿನಲ್ಲಿ ಸೇರಿಕೊಂಡಿದೆ, ಹಾಗೇ ಸಾಗಿಸಿದರೆ ದಾಸ್ತಾನು ತಪ್ಪುತ್ತದೆ ಎಂದು ಬರೆದರು. ಅದನ್ನು ಓದಿ ಅಣ್ಣನೇ ತಮ್ಮ ಜಾಗದಿಂದ ಎದ್ದು ಬಂದು, ಹಾಗೆ ಯಾಕೆ ಆಗಿದೆ, ಯಾವ ವರ್ಷದಲ್ಲಿ ಯಾವ ಆಸ್ಪತ್ರೆಗಾಗಿ ಹಾಗೆ ಮಾಡಬೇಕಾಯಿತು ಎಂದೆಲ್ಲ ಅರ್ಧ ತಾಸು ವಿವರಿಸಿದರು. ಮುಂದಿನ ವಾರದಿಂದ ಅವರಿಬ್ಬರನ್ನೇ ಜೋಡಿ ಮಾಡುತ್ತಿದ್ದೇನೆ. ಆಂತರಿಕ ಸಮಿತಿಯ ಬಗ್ಗೆ ಕೇಳಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.

ಉಳಿದಿರುವುದು ಮಾಲೀಕರ ಫೋನ್. ಅವರು ಹಿರಿಯರು, ಒಳ್ಳೆಯವರು, ಸಂಸ್ಥೆ ಕಟ್ಟಿದವರು. ‘ನನ್ನನ್ನು ಕೇಳದೆ ಹುಡುಗರಿಗೆ ಕೆಲಸ ಹೇಳಬೇಡಿ’ ಎಂದು ಅವರಿಗೆ ಹೇಳುವುದು ಹೇಗೆ?

ಉತ್ತರ: ಗಿರಣಿ_ಪಾಳಿ

ಹಾಗೆ ಹೇಳಲೇಬೇಡಿ. ಗಿರಾಕಿ ಅವರಿಗೆ ಫೋನ್ ಮಾಡಿ ಒತ್ತಾಯ ಮಾಡುತ್ತಾನೆ, ಅವರಿಗೆ ತಕ್ಷಣ ಒಂದು ಉತ್ತರ ಬೇಕಾಗುತ್ತದೆ, ಕೈಗೆ ಸಿಕ್ಕ ಹುಡುಗನಿಗೆ ಫೋನ್ ಮಾಡುತ್ತಾರೆ. ಅವರಿಗೆ ಬೇಕಾದದ್ದು ಆ ಉತ್ತರ, ನಿಮ್ಮ ಅಧಿಕಾರ ಕಿತ್ತುಕೊಳ್ಳುವುದಲ್ಲ. ಈ ವಾರ ಯಾರ ಕೈಯಲ್ಲಿ ಯಾವ ಕೆಲಸವಿದೆ, ಯಾವುದು ಯಾವ ದಿನ ಮುಗಿಯುತ್ತದೆ ಎಂಬ ಒಂದೇ ಪುಟದ ಪಟ್ಟಿಯನ್ನು ಪ್ರತಿ ಸೋಮವಾರ ಬೆಳಿಗ್ಗೆ ಅವರ ಮೇಜಿನ ಮೇಲೆ ಇಡಿ, ಮೊಬೈಲಿಗೂ ಕಳಿಸಿ. ಹುಡುಗರಿಗೆ ಒಂದು ಮಾತು ಕಲಿಸಿ: ಸಾಹೇಬರು ಫೋನ್ ಮಾಡಿದರೆ ಇಲ್ಲ ಎನ್ನಬಾರದು, ‘ಆಯಿತು ಸರ್, ಈಗ ಕೈಯಲ್ಲಿರುವ ಇಂಥ ಕೆಲಸ ಇದರಿಂದ ಒಂದು ದಿನ ಹಿಂದೆ ಹೋಗುತ್ತದೆ, ಲೀಡ್‌ಗೂ ತಿಳಿಸುತ್ತೇನೆ’ ಎಂದು ಹೇಳಿ, ಹಾಗೆಯೇ ನಿಮಗೆ ತಿಳಿಸಬೇಕು. ಪಟ್ಟಿಯಲ್ಲಿ ಅದನ್ನು ನೀವು ಅಂದೇ ತಿದ್ದಿ, ಹಿಂದೆ ಹೋದ ಕೆಲಸವನ್ನು ಕೆಂಪಿನಲ್ಲಿ ತೋರಿಸಿ ಅವರಿಗೆ ಮತ್ತೆ ಕಳಿಸಿ. ಎರಡು ಮೂರು ಸಲ ಆ ಕೆಂಪು ಗೆರೆ ಕಂಡ ಮೇಲೆ ಅವರೇ ನಿಮಗೆ ಫೋನ್ ಮಾಡಿ, ಯಾವುದನ್ನು ಹಿಂದಕ್ಕೆ ಹಾಕೋಣ ಎಂದು ಕೇಳುತ್ತಾರೆ. ಆಗಲೂ ಕೇಳದಿದ್ದರೆ, ಅವರ ಹತ್ತಿರ ಸಲಿಗೆಯಿಂದ ಮಾತನಾಡಬಲ್ಲ ಆ ಅಣ್ಣನನ್ನೇ ಜೊತೆಗೆ ಕರೆದುಕೊಂಡು ಹೋಗಿ.